ಕಂಡಕ್ಟರ್ ಮಾವನ ಬೇಸಿಗೆ ಮೇಜುಗಳು

ಅಲುಗಾಡದ ನೆಲದ ಮೇಲೆ ನಿಲ್ಲುವುದು ಕಂಡಕ್ಟರ್ ಮಾವನಿಗೆ ಬರುತ್ತಿರಲಿಲ್ಲ. ಚರ್ಚಿನಲ್ಲಿ ಕೀರ್ತನೆಗೆಂದು ಸಭೆಯೆಲ್ಲ ಎದ್ದು ನಿಂತಾಗ ಅವರೊಬ್ಬರು ಮಾತ್ರ ಪಾದಗಳನ್ನು ಅಗಲಿಸಿ, ಮೊಣಕಾಲುಗಳನ್ನು ತುಸು ಸಡಿಲಬಿಟ್ಟು, ಯಾವುದೋ ತಿರುವು ಈಗಲೋ ಇನ್ನೊಂದು ಗಳಿಗೆಗೋ ಬಂದೀತೆಂಬಂತೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗುತ್ತಿದ್ದರು. ಪ್ರಾರ್ಥನೆ ದೀರ್ಘವಾದರೆ ಅವರ ಎಡಗೈ ತಾನಾಗಿ ಮೇಲೆದ್ದು, ಅಲ್ಲಿಲ್ಲದ ಕಂಬಿಯೊಂದನ್ನು ಹುಡುಕಿ, ಸಿಗದೆ, ನಾಚಿದಂತೆ ಕೆಳಗಿಳಿಯುತ್ತಿತ್ತು. ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಬದುಕಿದ ದೇಹ ಅದು. ನಿವೃತ್ತಿಯಾದದ್ದು ಅವರ ತಲೆಗೆ ತಿಳಿದಿತ್ತು, ಕಾಲುಗಳಿಗೆ ಯಾರೂ ಹೇಳಿರಲಿಲ್ಲ.

ಭಾನುವಾರದ ಅವರ ಕೋಟು ಕೂಡ ಹಳೆಯ ಸಮವಸ್ತ್ರವೇ. ಅವರ ಹೆಂಡತಿ, ನಾವೆಲ್ಲ ಅತ್ತೆ ಎನ್ನುತ್ತಿದ್ದವರು, ಅದನ್ನು ಮನೆಯ ದೊಡ್ಡ ಪಾತ್ರೆಯಲ್ಲಿ ಅದ್ದಿ ಕಡುನೀಲಿಗೆ ತಿರುಗಿಸಿದ್ದರು. ಬಣ್ಣ ಎಲ್ಲೆಡೆ ಹಿಡಿದಿತ್ತು, ಬಲ ಭುಜದ ಒಂದು ಓರೆ ಪಟ್ಟಿಯನ್ನು ಬಿಟ್ಟು. ಚರ್ಮದ ಚೀಲದ ಪಟ್ಟಿ ಉಜ್ಜಿ ಉಜ್ಜಿ ನುಣುಪಾಗಿದ್ದ ಆ ಜಾಗ ಯಾವ ಬಣ್ಣಕ್ಕೂ ಒಲಿದಿರಲಿಲ್ಲ. ಇನ್ನು ಅವರ ಮಾತು. ನಮ್ಮ ಪ್ರೆಸ್ಬಿಟೇರಿಯನ್ ಸಭೆಯವರಿಗೆ ಹಿಂದಿನ ಬೆಂಚಿನ ಮೇಲೆ ಇರುವ ಮಮತೆ ಜಗತ್ತಿನ ಬೇರೆ ಯಾವ ಆಸ್ತಿಯ ಮೇಲೂ ಇಲ್ಲ. ಮುಂದಿನ ನಾಲ್ಕು ಸಾಲು ಖಾಲಿ ಬಿಟ್ಟು ಗೋಡೆಗೆ ಅಂಟಿಕೊಂಡು ಕುಳಿತ ಆ ಭಕ್ತಸಮೂಹವನ್ನು ಕಂಡರೆ ಮಾವನಿಗೆ ತಡೆಯಲಾಗುತ್ತಿರಲಿಲ್ಲ. "ಒಳಗೆ ನಡೀರಿ, ಒಳಗೆ ಜಾಗ ಇದೆ" ಎನ್ನುತ್ತ ಅವರು ನಡುದಾರಿಯಲ್ಲಿ ಓರೆಯಾಗಿ, ಯಾರ ಕಾಲನ್ನೂ ತುಳಿಯದೆ ಸಾಗಿಬಂದರೆ, ಸಾಲಿನ ಸಾಲೇ ಎದ್ದು ಮುಂದಕ್ಕೆ ಸರಿಯುತ್ತಿತ್ತು. ನಾನು ಶಾಲೆಗೆ ಮಾಸ್ತರಿಕೆಗೆಂದು ಆ ಊರಿಗೆ ಬಂದ ಮೊದಲ ವಾರ ಬಾಗಿಲ ಬಳಿ ಹುದುಗಿ ಕುಳಿತಿದ್ದೆ. ಭುಜದ ಮೇಲೊಂದು ಬೆರಳು ಬಿತ್ತು. "ಮೇಷ್ಟ್ರೇ, ಬಾಗ್ಲಲ್ಲೇ ನಿಂತ್ರೆ ಇಳಿಯೋರಿಗೆ ತೊಂದ್ರೆ. ಮುಂದೆ ಬನ್ನಿ." ನಾನು ಮೇಷ್ಟರೆಂದು ಹೇಗೆ ತಿಳಿಯಿತೆಂದು ಕೇಳಿದೆ. ನನ್ನ ತೋಳಿನ ಮೇಲಿದ್ದ ಸೀಮೆಸುಣ್ಣದ ಕಲೆಯನ್ನು ಕಣ್ಣಿನಲ್ಲೇ ತೋರಿಸಿ, ಮುಂದಿನ ಸಾಲಿಗೆ ಹೊರಟುಹೋದರು.

ನಮ್ಮ ಸಭೆಯಲ್ಲಿ ಒಬ್ಬನ ಆಳ್ವಿಕೆ ಎಂಬುದಿಲ್ಲ. ಪಾಲಕರು ಬೋಧಿಸುತ್ತಾರೆ, ಸಭೆಯವರು ತಮ್ಮೊಳಗಿಂದಲೇ ಆರಿಸಿದ ಹಿರಿಯರ ಮಂಡಳಿ ನಡೆಸುತ್ತದೆ. ಇಷ್ಟೆಲ್ಲ ಜನಪ್ರೀತಿ ಗಳಿಸಿದ್ದ ಮಾವನನ್ನು ಹಿರಿಯರಾಗಿ ಎಂದು ಸಭೆ ಮೂರು ಬಾರಿ ಕೇಳಿತು, ಮೂರು ಬಾರಿಯೂ ಅವರು ಒಲ್ಲೆನೆಂದರು. "ನಿಂತ್ಕೊಂಡೇ ಹೋಗೋ ಗಿರಾಕಿ ನಾನು. ಸೀಟು ಕೊಟ್ರೆ ನಿದ್ದೆ ಬಂದ್ಬಿಡುತ್ತೆ" ಎಂಬ ಅವರ ಉತ್ತರಕ್ಕೆ ನಾವೆಲ್ಲ ನಕ್ಕೆವು. ಅತ್ತೆ ಮಾತ್ರ ನಗಲಿಲ್ಲವೆಂಬುದನ್ನು ಗಮನಿಸಿದ್ದೆ; ಅರ್ಥಮಾಡಿಕೊಂಡಿರಲಿಲ್ಲ.

ಬೇಸಿಗೆ ನಮ್ಮ ಸಭೆಯ ಬರಗಾಲ. ಪಾಲಕರು ಎರಡು ತಿಂಗಳ ರಜೆಗೆ ಹೋಗುತ್ತಿದ್ದರು. ತಗಡಿನ ಮಾಡಿನ ಸಭಾಮಂದಿರ ಹತ್ತು ಗಂಟೆಗೇ ಕುಲುಮೆಯಾಗುತ್ತಿತ್ತು. ಬೀಸಣಿಗೆ ಬೀಸಿಕೊಳ್ಳುವ ಸದ್ದಿನಲ್ಲಿ ವಾಕ್ಯ ಓದುವವರ ದನಿ ಮುಳುಗಿಹೋಗುತ್ತಿತ್ತು. ನಾನು ಬಂದ ವರ್ಷವೇ ಮಂಡಳಿ ಬೇಸಿಗೆಯ ಆರಾಧನೆಯನ್ನು ಮೊಟಕುಗೊಳಿಸುವ ಮಾತೆತ್ತಿತು. ಮಾವ ಆಗಷ್ಟೇ ನಿವೃತ್ತರಾಗಿದ್ದರು. ಮಹಾಸಭೆಯಲ್ಲಿ ಎದ್ದು ನಿಂತು, "ಕಾವು ಜಾಸ್ತಿ ಅಂತ ಬಸ್ ನಿಲ್ಸಿದ್ದು ನಾನಂತೂ ನೋಡಿಲ್ಲ. ಒಳಗೆ ಆಗದಿದ್ರೆ ಹೊರಗೆ ಕೂರೋಣ" ಎಂದರು. ಮುಂದಿನ ವಾರವೇ ಅಂಗಳದ ಉತ್ತರದ ಗೋಡೆಯ ನೆರಳಿನಲ್ಲಿ ಟಾರ್ಪಾಲು ಕಟ್ಟಿದೆವು. ಮೇಜುಗಳು ಎಂಟು, ಮೇಜಿಗೆ ಆರು ಕುರ್ಚಿ. ಆರಾಧನೆ ಮುಗಿದ ಮೇಲೆ ಎಲ್ಲರ ಮನೆಯ ಬುತ್ತಿ ಬಿಚ್ಚಿ ಹಂಚಿಕೊಂಡು ಊಟ. ಯಾರು ಎಲ್ಲಿ ಕೂರಬೇಕೆಂಬುದು ಮಾತ್ರ ಯಾರ ಇಚ್ಛೆಗೂ ಬಿಟ್ಟದ್ದಲ್ಲ. ಮಾವ ಗುಲಾಬಿ ರಟ್ಟನ್ನು ಕತ್ತರಿಸಿ ಟಿಕೆಟ್ಟುಗಳನ್ನು ಮಾಡಿದ್ದರು. ಗೇಟಿನಲ್ಲಿ ನಿಂತು, ಬಂದವರ ಕೈಗೊಂದೊಂದು ಕೊಡುವರು. ಅದರ ಮೇಲಿನ ಅಂಕಿಯೇ ನಿಮ್ಮ ಮೇಜು. ಗಂಡಹೆಂಡಿರು ಒಂದೇ ಮೇಜು ಕೇಳಿದರೆ, "ವರ್ಷವಿಡೀ ಎದುರುಬದುರು ಕೂರ್ತೀರಲ್ಲ, ಇವತ್ತೊಂದಿನ ಅವರಿಗೂ ಬಿಡುವು ಕೊಡಿ" ಎನ್ನುವರು. ಕೊಟ್ಟ ಟಿಕೆಟ್ ಬದಲಾಗುವ ಹಾಗಿರಲಿಲ್ಲ. ಅದು ಕಾನೂನು.

ಆ ಎಂಟು ಮೇಜುಗಳು ಮಾಡಿದ ಕೆಲಸ ಸಣ್ಣದಲ್ಲ. ಒಂಬತ್ತು ವರ್ಷದಿಂದ ಮೂಲೆಯ ಬೆಂಚಿನಲ್ಲಿ ಮೌನವಾಗಿ ಕುಳಿತು ಹೋಗುತ್ತಿದ್ದ ಒಬ್ಬ ಬಡಕಲು ಮನುಷ್ಯನನ್ನು ಮೂರನೆಯ ಮೇಜಿನಲ್ಲಿ ಯಾರೋ ಕಸುಬೇನೆಂದು ಕೇಳಿದರು. ಆತ ಹಾರ್ಮೋನಿಯಂ ರಿಪೇರಿ ಮಾಡುವವನಂತೆ. ನಮ್ಮ ಸಭೆಯ ಹಾರ್ಮೋನಿಯಂನ ಎರಡು ಸ್ವರದ ಮನೆಗಳು ಆ ಒಂಬತ್ತೂ ವರ್ಷ ಮೂಕವಾಗಿದ್ದವು. ಪ್ರತಿ ಕೀರ್ತನೆಯೂ ಅವೆರಡು ಕಡೆ ಕುಂಟುತ್ತಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದರೆ, "ಯಾರೂ ಕೇಳ್ಲಿಲ್ವಲ್ಲ" ಎಂದ. ಸಭೆಯಲ್ಲೇ ಇದ್ದ ಹಲ್ಲಿನ ವೈದ್ಯರಿಗೆ ಹೆದರಿ ಎರಡು ವರ್ಷದಿಂದ ಆಚೆ ಗೇಟಿನಿಂದ ಬರುತ್ತಿದ್ದ ಹೊಲಿಗೆಯ ಅಮ್ಮ, ಅದೇ ವೈದ್ಯರ ಪಕ್ಕ ಕೂತು ಬಾಯಿಬಿಟ್ಟು ನಕ್ಕದ್ದೂ ಅಲ್ಲೇ; ನಕ್ಕ ತಪ್ಪಿಗೆ ಮರುದಿನ ಹುಳುಕುಹಲ್ಲು ಕೀಳಿಸಿಕೊಂಡದ್ದೂ ಹೌದು. ಕಲ್ಲಂಗಡಿ ಹೋಳು ಕೈಯಿಂದ ಕೈಗೆ ದಾಟುವಾಗ, ಹೆಸರಷ್ಟೇ ಗೊತ್ತಿದ್ದವರಿಗೆ ಪರಸ್ಪರರ ಮಂಡಿನೋವು, ಮಗಳ ಪರೀಕ್ಷೆ, ಹಳೆಯ ದುಃಖ ಎಲ್ಲವೂ ಗೊತ್ತಾದವು. ಮೂರನೆಯ ಬೇಸಿಗೆಯ ಹೊತ್ತಿಗೆ ರಜೆಗೆ ಊರು ಬಿಡುವವರೂ ಭಾನುವಾರಗಳನ್ನು ನೋಡಿಕೊಂಡು ಹೊರಡತೊಡಗಿದ್ದರು.

ಸಭೆಯಲ್ಲಿ ಇನ್ನೊಬ್ಬರಿದ್ದರು, ಡ್ರೈವರ್ ಅಣ್ಣ. ಎತ್ತರದ ಆಳು, ಮಿತಭಾಷಿ. ಮಾತಾಡುವವರ ಮುಖ ನೋಡದೆ ದೂರದ ರಸ್ತೆಯನ್ನು ನೋಡುವ ಅಭ್ಯಾಸ. ಆಶೀರ್ವಾದ ಮುಗಿದೊಡನೆ ಎದ್ದು ಹೋಗುತ್ತಿದ್ದ ಅವರು ಬೇಸಿಗೆಯಲ್ಲಿ ಮಾತ್ರ ಊಟಕ್ಕೆ ಉಳಿಯುತ್ತಿದ್ದರು. ಇವರಿಬ್ಬರೂ ಇಪ್ಪತ್ತು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಏಕೆಂದರೆ ಅವರು ಪರಸ್ಪರ ಒಂದು ಮಾತನ್ನಾಡಿದ್ದನ್ನೂ ನಾನು ಕಂಡಿರಲಿಲ್ಲ. ಆರನೆಯ ಬೇಸಿಗೆಯಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಯಾರಿಗೆ ಯಾವ ಮೇಜೆಂಬುದು ಅದೃಷ್ಟದ ಪಾಲಾಗಿದ್ದರೂ, ಗೇಟಿನ ಪಕ್ಕದ ಒಂದನೆಯ ಮೇಜಿನಲ್ಲಿ ಯಾವಾಗಲೂ ಮಾವ, ಅಂಗಳದ ಕೊನೆಯ ಎಂಟನೆಯದರಲ್ಲಿ ಯಾವಾಗಲೂ ಡ್ರೈವರ್ ಅಣ್ಣ. ಟಿಕೆಟ್ ಕಟ್ಟಿನ ತಳದ ಒಂದು ಚೀಟಿಯನ್ನು ಮಾವನ ಹೆಬ್ಬೆರಳು ಆ ಒಬ್ಬ ಮನುಷ್ಯನಿಗಾಗಿ ಅದುಮಿ ಹಿಡಿದಿರುತ್ತಿತ್ತು. ಊರನ್ನೆಲ್ಲ ಒಂದು ಮಾಡಿದ ಕೈ ಹೀಗೇಕೆ ಮಾಡುತ್ತದೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಏಳನೆಯ ಬೇಸಿಗೆಯಲ್ಲಿ ಮಾವ ಒಂದು ಕಣ್ಣಿನ ಪೊರೆ ತೆಗೆಸಿಕೊಂಡರು. ಕಪ್ಪು ಕನ್ನಡಕ, ಬಿಸಿಲಲ್ಲಿ ನಿಲ್ಲಬಾರದೆಂಬ ಅಪ್ಪಣೆ. ಮಂಡಳಿಯ ಹಿರಿಯರಲ್ಲೊಬ್ಬರಾದ ನರ್ಸಮ್ಮ ಅವರ ಕೈಯಿಂದ ಟಿಕೆಟ್ ಕಟ್ಟನ್ನು ಬಿಡಿಸಿಕೊಂಡು, ಔಷಧದ ಬಾಟಲಿಯಂತೆ ಚೆನ್ನಾಗಿ ಕಲಕಿ, ಗೇಟಿಗೆ ನಿಂತರು. ನನಗೆ ಐದನೆಯ ಮೇಜು. ಮಾವನಿಗೂ ಐದು. ಬುತ್ತಿಯ ಚೀಲ ಹಿಡಿದು ನಮ್ಮ ಕಡೆಗೇ ಬರುತ್ತಿದ್ದ ಡ್ರೈವರ್ ಅಣ್ಣನನ್ನು ನೋಡಿ ಮಾವ ಎದ್ದು ಗೇಟಿಗೆ ನಡೆದರು.

"ನನ್ನ ಟಿಕೆಟ್ ಬದಲಾಯ್ಸು, ತಾಯಿ."

"ಬದಲಾಯ್ಸೋ ಹಾಗಿಲ್ಲ ಅಂತ ಏಳು ವರ್ಷದಿಂದ ನೀವೇ ಹೇಳ್ತಿದೀರಲ್ಲ, ಮಾವ" ಎಂದು ನರ್ಸಮ್ಮ ಮುಂದಿನವರಿಗೆ ಚೀಟಿ ಕೊಟ್ಟರು.

ಮಾವ ಹಿಂದಿರುಗಿ ಬಂದು ಕುಳಿತರು. ಡ್ರೈವರ್ ಅಣ್ಣ ಬೇಯಿಸಿದ ಮೊಟ್ಟೆಯೊಂದರ ಸಿಪ್ಪೆಯನ್ನು ಒಂದು ಚೂರೂ ಕೆಳಗೆ ಬೀಳದಂತೆ ಸುಲಿಯುತ್ತಿದ್ದರು. ತಲೆಯೆತ್ತದೆ ಕೇಳಿದರು, "ಕಣ್ಣು ಹೇಗಿದೆ?"

"ಒಂದರಲ್ಲಿ ಕಾಣುತ್ತೆ."

ಅಷ್ಟೇ. ಆಮೇಲೆ ಮಾವ ಮತ್ತೆ ಎದ್ದು ನಿಂತರು. ಒಂದು ಕೈ ಮೇಜಿನ ಮೇಲೆ. ನಿಲ್ದಾಣಗಳ ಹೆಸರು ಕೂಗುತ್ತಿದ್ದ ದನಿಯಲ್ಲಿ, ಎಂಟೂ ಮೇಜಿಗೆ ಕೇಳುವ ಹಾಗೆ ಹೇಳಿದರು:

"ಎಲ್ಲರೂ ಸ್ವಲ್ಪ ಕೇಳಿ. ಹದಿನಾಲ್ಕು ವರ್ಷದ ಹಿಂದೆ ಮಾರ್ಕೆಟ್ ಸ್ಟಾಪಲ್ಲಿ ಒಬ್ಬ ಅಜ್ಜಿ ಹಿಂದಿನ ಬಾಗ್ಲಲ್ಲಿ ಇಳೀತಿದ್ರು. ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ನಾನು ತಿರುಗಿ ನೋಡದೆ ಹೊರಡು ಅಂತ ಎರಡು ಗಂಟೆ ಹೊಡೆದೆ. ಇವನು ಬಸ್ ಬಿಟ್ಟ. ಅಜ್ಜಿ ಬಿದ್ದು ಕಾಲು ಮುರೀತು. ವಿಚಾರಣೇಲಿ ನಾನು ಗಂಟೆ ಹೊಡೆದೇ ಇಲ್ಲ, ಇವನೇ ಬಿಟ್ಟ ಅಂದೆ. ಇವನನ್ನ ಸ್ಟೇರಿಂಗ್‌ನಿಂದ ಇಳಿಸಿ ವರ್ಕ್‌ಷಾಪಿಗೆ ಹಾಕಿದ್ರು. ಮತ್ತೆ ಬಸ್ ಮುಟ್ಟೋಕೆ ಬಿಡ್ಲಿಲ್ಲ. ಸುಳ್ಳು ಹೇಳಿದ್ದು ನಾನು."

ಅತ್ತೆ ಎರಡನೆಯ ಮೇಜಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಡ್ರೈವರ್ ಅಣ್ಣ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು, ಬೆರಳು ಒರೆಸಿಕೊಂಡು, ಮೊದಲ ಬಾರಿಗೆ ಎದುರಿನವರ ಮುಖವನ್ನು ನೇರವಾಗಿ ನೋಡಿದರು.

"ಗಂಟೆ ಹೊಡೆದದ್ದು ನಂಗೆ ಗೊತ್ತಿತ್ತು. ಕೇಳ್ಸಿಕೊಂಡೋನು ನಾನೇ ಅಲ್ವಾ" ಎಂದರು. "ನಿನಗೆ ಗೊತ್ತಿದೆಯಾ, ಇಲ್ಲಾ ನಿನ್ನ ಸುಳ್ಳನ್ನ ನೀನೇ ನಂಬ್ಕೊಂಡಿದೀಯಾ, ಅದೊಂದು ಗೊತ್ತಿರ್ಲಿಲ್ಲ. ಇಷ್ಟು ವರ್ಷ ಅದನ್ನ ನೋಡೋಕೇ ಇಲ್ಲಿ ಊಟಕ್ಕೆ ಕೂರ್ತಿದ್ದೆ."

ಬುತ್ತಿ ಕಟ್ಟಿಕೊಂಡು ಅವರು ಹೊರಟುಹೋದರು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದೂ.

ಸಭೆಯಲ್ಲಿ ಗುಸುಗುಸು ಹುಟ್ಟಿತು. ಇಂಥವರ ಕೈಯಲ್ಲಿ ಇನ್ನು ಟಿಕೆಟ್ ತೆಗೆದುಕೊಳ್ಳುವುದು ಹೇಗೆಂದು ಒಬ್ಬರು ಮಂಡಳಿಯಲ್ಲಿ ಕೇಳಿಯೇಬಿಟ್ಟರು. ನರ್ಸಮ್ಮ, "ಗೇಟಲ್ಲಿ ನಿಲ್ಲೋಕೆ ತಪ್ಪೇ ಮಾಡದೋರು ಬೇಕು ಅಂದ್ರೆ, ಗೇಟು ಕಿತ್ತು ಗೋಡೆ ಕಟ್ಟಿಸಿಬಿಡೋಣ" ಎಂದರು; ಆ ಮಾತು ಅಲ್ಲಿಗೆ ಮುಗಿಯಿತು. ಮಾವನಿಗೆ ಮಾತ್ರ ಈ ಚರ್ಚೆಯ ಗೊಡವೆಯಿರಲಿಲ್ಲ. ತಪ್ಪೊಪ್ಪಿಕೊಂಡ ಮರುದಿನವೇ ನನ್ನ ಕೋಣೆಗೆ ಬಂದು, ಕುರ್ಚಿಯಿದ್ದರೂ ಕೂರದೆ, ಸಾರಿಗೆ ಕಚೇರಿಗೆ ಪತ್ರ ಬರೆಸಿದರು. ನಾನು "ಅಚಾತುರ್ಯದಿಂದ" ಎಂದು ಬರೆದೆ. ಓದಿಸಿಕೊಂಡು ತಲೆಯಾಡಿಸಿದರು. "ಅಕ್ಷರ ನಿಮ್ದು ಇರ್ಲಿ ಮೇಷ್ಟ್ರೇ, ಮಾತು ನಂದೇ ಬರೀರಿ. ಹೆದರಿ ಸುಳ್ಳು ಹೇಳಿದೆ ಅಂತ ಹಾಕಿ." ನಾನು ಹೊಡೆದು ತಿದ್ದಿದೆ. ಆ ಪತ್ರವನ್ನು ಒಳಕಿಸೆಯಲ್ಲಿಟ್ಟುಕೊಂಡು ಅವರು ಕಚೇರಿಗೆ ಹನ್ನೊಂದು ಬಾರಿ ಅಲೆದರು. ಹಳೆಯ ಕಡತ ಸಿಗುವುದಿಲ್ಲವೆಂದರು. ನಿವೃತ್ತನ ಮಾತಿಗೆ ಕಿಮ್ಮತ್ತಿಲ್ಲವೆಂದರು. ಆದದ್ದಾಯಿತು, ಮನೆಗೆ ಹೋಗಿ ಮಲಗಿ ಎಂದರು. ಮಾವ ಗುಮಾಸ್ತರ ಕಿಟಕಿಯ ಮುಂದೆ ಕಾಲಗಲಿಸಿ ನಿಂತೇ ಇದ್ದರು. ನಿಂತು ದಣಿಸುವ ಆಟದಲ್ಲಿ ಅವರನ್ನು ಗೆಲ್ಲುವವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಕೊನೆಗೆ ಸೇವಾ ದಾಖಲೆಯಲ್ಲಿ ಚಾಲಕನ ಮೇಲಿದ್ದ ಆರೋಪ ಅಳಿಸಿ ಆದೇಶ ಹೊರಟಿತು. ಒಂದು ಪ್ರತಿ ಡ್ರೈವರ್ ಅಣ್ಣನ ಮನೆಗೆ ಅಂಚೆಯಲ್ಲಿ ಹೋಯಿತು.

ಆ ಬೇಸಿಗೆಯ ಕೊನೆಯ ಭಾನುವಾರ ಅವರು ಬಂದರು. ಚೀಟಿ ತೆಗೆದುಕೊಳ್ಳದೆ ನೇರವಾಗಿ ಮಾವನ ಎದುರಿನ ಕುರ್ಚಿಗೆ ಬಂದು ಕುಳಿತರು. ನರ್ಸಮ್ಮ ನೋಡಿಯೂ ನೋಡದಂತಿದ್ದರು.

"ಆ ಕಾಗದಕ್ಕೆ ಎಷ್ಟು ಸಲ ಹೋದೆ?"

"ಹನ್ನೊಂದು."

"ಬಸ್ಸಲ್ಲಿ?"

"ಬಸ್ಸಲ್ಲೇ. ಈಗಿನ ಡ್ರೈವರ್‌ಗಳಿಗೆ ತಿರುವು ತಗೊಳ್ಳೋಕೆ ಬರಲ್ಲ. ಹನ್ನೊಂದು ಸಲವೂ ಸೊಂಟ ಉಳುಕ್ತು."

ಡ್ರೈವರ್ ಅಣ್ಣನ ಮೂಗಿನಿಂದ ನಗುವಿನಂಥದೊಂದು ಸದ್ದು ಹೊರಟಿತು. ಅಪ್ಪುಗೆ, ಕಣ್ಣೀರು ಯಾವುದೂ ನಡೆಯಲಿಲ್ಲ. ನಾವು ಪಾತ್ರೆ ತೊಳೆದು, ಮೇಜು ಮಡಿಸಿ ಒಳಗಿಡುವವರೆಗೂ ಆ ಇಬ್ಬರು ಮುದುಕರು, ಸೇತುವೆ ದಾಟಿದ ಮೇಲೆ ಮೊದಲು ಬರುವುದು ಕಾರ್ಖಾನೆಯ ಸ್ಟಾಪೋ ಆಸ್ಪತ್ರೆಯ ಸ್ಟಾಪೋ ಎಂದು ಜಗಳವಾಡುತ್ತಿದ್ದರು.

ಮುಂದಿನ ವರ್ಷ ಸಭೆ ನಾಲ್ಕನೆಯ ಬಾರಿ ಕೇಳಿತು. ಮಾವ ಒಪ್ಪಿದರು. ಹಿರಿಯರ ಪ್ರತಿಷ್ಠಾಪನೆಗೆ ಮೊದಲು ಪಾಲಕರು, ಈತನ ವಿಷಯದಲ್ಲಿ ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಸಭೆಯನ್ನು ಕೇಳುವುದು ನಿಯಮ. ಸಾಮಾನ್ಯವಾಗಿ ಆ ಪ್ರಶ್ನೆ ಯಾರನ್ನೂ ತಟ್ಟದೆ ಹಾದುಹೋಗುತ್ತದೆ. ಅಂದು ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು. ಡ್ರೈವರ್ ಅಣ್ಣ ನಿಧಾನವಾಗಿ ಎದ್ದು ನಿಂತರು.

"ಇದೆ" ಎಂದರು. ಪಾಲಕರ ಮುಖ ಬಿಳಿಚಿತು. "ಬಹಳ ಮಾತಾಡ್ತಾನೆ. ಅದೊಂದು ಬಿಟ್ರೆ, ಆಗ್ಬಹುದು."

ಪ್ರತಿಷ್ಠಾಪನೆಯ ವಿಧಿಯಲ್ಲಿ ನಗೆಗೆ ಅವಕಾಶವಿಲ್ಲ. ಆ ದಿನ ಪಾಲಕರೇ ಮೊದಲು ನಕ್ಕರು.

ಜನರನ್ನು ಕೂಡಿಸುವುದೇ ಬದುಕಾದ ಇಂಥವರನ್ನು ನಾನು ಬೇರೆ ಊರುಗಳಲ್ಲೂ, ಬೇರೆ ಸಭೆಗಳಲ್ಲೂ ಕಂಡಿದ್ದೇನೆ. ಅವರು ನಿಷ್ಕಳಂಕರೆಂದು ನಾವು ಭಾವಿಸುತ್ತೇವೆ, ಮತ್ತು ಆ ಭಾವನೆಯಿಂದಲೇ ಅವರನ್ನು ಒಂಟಿಯಾಗಿಸುತ್ತೇವೆ. ಎಲ್ಲರ ನಡುವೆ ಓಡಾಡುವ ಅವರ ಉತ್ಸಾಹದ ತಳದಲ್ಲಿ ಎಷ್ಟೋ ಬಾರಿ ಒಬ್ಬ ಮನುಷ್ಯನಿಗೆ ಮುಖ ತೋರಿಸಲಾಗದ ಅಳುಕೊಂದು ಇರುತ್ತದೆ. ಆದರೂ ಅವರ ದುಡಿಮೆ ಸುಳ್ಳಲ್ಲ. ಸತ್ಯ ಹೇಳುವುದಕ್ಕೆ ಧೈರ್ಯವೊಂದೇ ಸಾಲದು, ಅದನ್ನು ಕೇಳಿಸಿಕೊಂಡ ಮೇಲೂ ಎದ್ದುಹೋಗದೆ ಕುಳಿತಿರುವ ಜನವೂ ಬೇಕು. ಆ ಜನವನ್ನು ಇವರು ತಮಗೇ ಅರಿವಿಲ್ಲದೆ, ಬೇಸಿಗೆಯ ಮೇಲೆ ಬೇಸಿಗೆ, ಒಬ್ಬೊಬ್ಬರನ್ನಾಗಿ ಕೂಡಿಹಾಕುತ್ತಿರುತ್ತಾರೆ.