ಅಲಗಿನ ಮೇಲೆ ಹೆಬ್ಬೆರಳು

"ಹರಿತ ಅನ್ನೋದು ಎಲ್ಲಿಗೆ ಹೋಗುತ್ತೆ?"

ಹಿತ್ತಲ ಮೆಟ್ಟಿಲ ಮೇಲೆ ಕೂತು ಕಸಿಯಜ್ಜ ಕೇಳಿದ. ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಒಂದು ಬಕೆಟ್ಟು ಮತ್ತು ಒದ್ದೆ ಸಾಣೆಕಲ್ಲು. ಅಂಗೈಯಲ್ಲಿ ಮಡಚುವ ಚಾಕು ಬಾಯಿ ತೆರೆದು ಮಲಗಿತ್ತು.

"ಏನಂದ್ರಿ?" ಒಳಗಿನಿಂದ ಹೆಂಡತಿ ಕೂಗಿದಳು.

"ನಿನಗಲ್ಲ."

"ಮತ್ಯಾರಿಗೆ, ಬಕೆಟ್ಟಿಗಾ?"

ಬೇರೆ ದಿನವಾಗಿದ್ದರೆ ಅವನೂ ಒಂದು ಮಾತು ತಿರುಗಿಸಿ ಹೇಳುತ್ತಿದ್ದ. ಇವತ್ತು ಸುಮ್ಮನೆ ಅಲಗನ್ನು ಮತ್ತೆ ಕಲ್ಲಿಗಿಟ್ಟ. ಚಿಕ್ಕಂದಿನಲ್ಲಿ ತಾಯಿ ಬಾಯಿಪಾಠ ಮಾಡಿಸಿದ್ದ ಪದ್ಯಗಳೇ ಅವನಿಗೆ ಮಸೆಯುವ ಅಳತೆ. ಒಂದು ಸಾಲಿಗೆ ಅಲಗಿನ ಈ ಮೈ, ಮುಂದಿನ ಸಾಲಿಗೆ ಆ ಮೈ. ಪದ್ಯ ಮುಗಿಯುವ ಹೊತ್ತಿಗೆ ಎರಡೂ ಮೈ ಕೂಡಿ ಅಲಗಿನ ಬಾಯಿ ಹರಿತವಾಗಿರಬೇಕು. ಆಮೇಲೆ ಹೆಬ್ಬೆರಳನ್ನು ಅಲಗಿಗೆ ಅಡ್ಡವಾಗಿ, ಮಗುವಿನ ಕೆನ್ನೆ ಸವರಿದ ಹಾಗೆ ಎಳೆದು ನೋಡುವುದು. ಹರಿತವಿದ್ದರೆ ಬೆರಳ ತುದಿ ಜುಮ್ಮೆನ್ನುತ್ತದೆ. ಆ ಜುಮ್ಮನ್ನು ಅವನು ದೇವರ ಮುಂದೆ ಹಚ್ಚಿದ ದೀಪದಷ್ಟೇ ನಂಬಿದ್ದ.

ಮಳೆಗಾಲ ಮುಗಿದಾಗಿನಿಂದ ಜುಮ್ಮೆನ್ನುತ್ತಿಲ್ಲ. ಒಂದು ಪದ್ಯ ಇದ್ದದ್ದು ಮೂರಾಯಿತು, ನಾಲ್ಕಾಯಿತು. ಅಲಗು ಸವೆದು ಎಲೆಯಷ್ಟು ತೆಳ್ಳಗಾಯಿತೇ ಹೊರತು ಬೆರಳು ಮಾತ್ರ ಇನ್ನೂ ಮೊಂಡು, ಇನ್ನೂ ಮೊಂಡು ಎಂದೇ ಹೇಳಿತು. ನರ್ಸರಿಯ ಗಿಡಗಳೂ ಅದನ್ನೇ ಹೇಳಿದವು. ಗುಲಾಬಿ ಟೊಂಗೆಯಿಂದ ಚಿಗುರೊಡೆಯುವ ಕಣ್ಣನ್ನು ಸಿಪ್ಪೆ ಸಮೇತ ಬಿಡಿಸಲು ಹೋದರೆ ಸಿಪ್ಪೆ ಬೆಣ್ಣೆಯ ಹಾಗೆ ಏಳುವ ಬದಲು ಜಜ್ಜಿ ಹೋಗುತ್ತಿತ್ತು. ಜಜ್ಜಿದ ಕಣ್ಣು ಬೇರೆ ಗಿಡಕ್ಕೆ ಕೂಡುವುದಿಲ್ಲ. ಎಷ್ಟು ಬಿಗಿಯಾಗಿ ಪಟ್ಟಿ ಸುತ್ತಿದರೂ ಕಪ್ಪಾಗಿ ಉದುರುತ್ತದೆ.

ನಿನ್ನೆ ನರ್ಸರಿಯ ಯಜಮಾನಿ ಕುಂಡಗಳ ನಡುವೆ ನಿಂತು, ಅವನ ಮುಖ ನೋಡದೆ ಹೇಳಿದ್ದಳು: "ಅಜ್ಜಾ, ಬೇಜಾರು ಮಾಡ್ಕೋಬೇಡಿ. ನಾಳಿದ್ದು ಕಟ್ಟೋ ಸಾಲೂ ಹಿಡೀಲಿಲ್ಲ ಅಂದ್ರೆ ನೀವು ಗಿಡಕ್ಕೆ ನೀರು ಹಾಕ್ಕೊಂಡಿರಿ. ಕಸಿ ಬೇರೆಯವರು ಕಟ್ಟಲಿ."

ಕಸಿಯಜ್ಜ ಎನ್ನುವುದರಿಂದ ಕಸಿ ಹೋದರೆ ಉಳಿಯುವುದು ಬರೀ ಅಜ್ಜ. ಅಂಥವರು ಓಣಿಗೊಬ್ಬರಿದ್ದಾರೆ.

ಅದಕ್ಕೇ ಅವನು ಸ್ನಾನ ಮುಗಿಸಿ, ಗೂಟದಲ್ಲಿದ್ದ ಅಂಗಿ ತೊಟ್ಟು, ಜೇಬಿನಲ್ಲಿ ಚಾಕು ಇದೆಯೆಂದು ಮುಟ್ಟಿ ನೋಡಿಕೊಂಡು ಪೇಟೆಗೆ ಹೊರಟ. ಅವನ ಚಾಕು ಇನ್ನೊಬ್ಬರ ಕಲ್ಲು ಕಂಡದ್ದೇ ಇಲ್ಲ. ಹೋಗುವಾಗ ಹೆಣ್ಣು ನೋಡಲು ಹೊರಟ ಹುಡುಗನ ಹಾಗೆ ನಾಚಿಕೆಯಾಯಿತು.

ಸಾಣೆಯಕ್ಕನ ಅಂಗಡಿ ಎಂದರೆ ಬೀಗ ರಿಪೇರಿಯವನ ಗೋಡೆಗೆ ಒರಗಿದ ಒಂದು ಚಕ್ರ, ತುಳಿಯಲು ಒಂದು ಹಲಗೆ, ಕೂರಲು ಒಂದು ಸ್ಟೂಲು. ದರ್ಜಿಗಳ ಕತ್ತರಿಗಳು ತಂತಿಗೆ ನೇತಾಡುತ್ತಿದ್ದವು.

"ಬನ್ನಿ ಅಜ್ಜಾ. ನಿಮ್ಮ ವಯಸ್ಸಿನೋರು ಬಂದ್ರೆ ನನಗೆ ಎದೆ ಹೊಡ್ಕೊಳ್ಳುತ್ತೆ. ಮನೇಲೇ ಮಸೆದು ಕುಲಗೆಡಿಸಿ ತರ್ತೀರಿ, ಆಮೇಲೆ ತಪ್ಪು ನನ್ನ ತಲೆಗೆ."

"ಮಸೆಯೋದು ನನಗೆ ಗೊತ್ತು ತಾಯೀ. ಇದರ ಉಕ್ಕೇ ಸತ್ತುಹೋಗಿದೆ."

ಅವಳು ಅಲಗನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. ತುಟಿಯ ಮೇಲಿನ ನಗು ಅಲ್ಲೇ ನಿಂತಿತು.

"ಇದನ್ನ ಮೊಂಡು ಮಾಡಿದ್ದು ಯಾರು?"

"ಸವೆದಿದೆ ಅಷ್ಟೇ..."

"ಸವೆದದ್ದಲ್ಲ ಅಜ್ಜಾ. ಮಸೆದಿರೋದು ಬಂಗಾರದ ಹಾಗಿದೆ. ಅದಾದ ಮೇಲೆ ಯಾರೋ ಬಾಯಿನ ನೆಟ್ಟಗೆ ನಿಲ್ಲಿಸಿ ಪಿಂಗಾಣಿ ಕಪ್ಪಿನ ತಳದಂಥ ಗಟ್ಟಿ ವಸ್ತುವಿಗೆ ಉಜ್ಜಿದಾರೆ. ಇಲ್ನೋಡಿ, ಬಾಯುದ್ದಕ್ಕೂ ಬಿಳಿ ಗೆರೆ ಮಿಂಚ್ತಿದೆ. ಹರಿತ ಇರೋ ಬಾಯಿ ಮಿಂಚಲ್ಲ. ಮೊಂಡು ಮಾತ್ರ ಮಿಂಚೋದು. ಇದು ಹೊಸಾದು, ಇವತ್ತಿಂದೇ."

ಕಸಿಯಜ್ಜ ಬಗ್ಗಿ ನೋಡಿದ. ಕೂದಲೆಳೆಯಷ್ಟು ಸಣ್ಣ ಬೆಳ್ಳಿ ಗೆರೆ. ಕಂಡಮೇಲೆ ಕಾಣದೆ ಇರಲು ಆಗಲಿಲ್ಲ.

"ಬೆಳಿಗ್ಗೆ ನಾನೇ ಮಸೆದೆ," ಎಂದ. "ಆಮೇಲೆ ಸ್ನಾನಕ್ಕೆ ಹೋದೆ. ಸೀದಾ ಇಲ್ಲಿಗೆ ಬಂದೆ."

"ಮನೇಲಿ ಇನ್ಯಾರಿದಾರೆ?"

ಅವನು ಚಕ್ರದ ಕಡೆ ಕೈ ತೋರಿಸಿದ. ಅವಳು ಹಲಗೆ ತುಳಿದಳು. ಚಕ್ರ ತಿರುಗಿತು, ಕಿಡಿ ಹಾರಿತು. ಚಕ್ರದ ಮೇಲೆ ಸ್ವಲ್ಪ, ಕೈಕಲ್ಲಿನ ಮೇಲೆ ಹೆಚ್ಚು, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಎಳೆದಳು. ತನ್ನ ಮುಂಗೈಯ ರೋಮವನ್ನು ಒಮ್ಮೆ ಸವರಿದಾಗ ಅಲ್ಲಿ ನುಣ್ಣಗಾಯಿತು.

"ತಗೊಳ್ಳಿ. ಈಗ ಗಾಳೀನೂ ಕುಯ್ಯುತ್ತೆ."

ಅವನ ಮನಸ್ಸು ಮನೆಯಲ್ಲಿತ್ತು. ಕೈ ಮಾತ್ರ ತನ್ನ ರೂಢಿಯಂತೆ ಹೆಬ್ಬೆರಳನ್ನು ಅಲಗಿನ ಮೇಲೆ ಎಳೆಯಿತು. ಏನೂ ಇಲ್ಲ. ಕೊಂಚ ಒತ್ತಿ ಇನ್ನೊಮ್ಮೆ ಎಳೆದ.

"ಇನ್ನೂ ಬಂದಿಲ್ಲ ತಾಯೀ."

"ಅಯ್ಯೋ ಕೈ! ಅಜ್ಜಾ, ಕೈ ನೋಡ್ಕೊಳ್ಳಿ!"

ಅವಳ ಕೂಗಿಗೆ ಬೀಗದವನು ಎದ್ದು ಬಂದ. ಕಸಿಯಜ್ಜ ಕೆಳಗೆ ನೋಡಿದ. ರಕ್ತ ಮಣಿಕಟ್ಟಿನಿಂದ ಇಳಿದು ಅಂಗಿಯ ತೋಳು ಹೊಕ್ಕು, ಮೊಣಕೈಯಿಂದ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಸಂತೆಯಲ್ಲಿ ಬೇರೆ ಯಾರದೋ ಕೈಗಾದ ಗಾಯವನ್ನು ದೂರದಿಂದ ನೋಡುವಂತೆ ನೋಡಿದ. ಇನ್ನೊಂದು ಕೈಯಿಂದ ಆ ಬೆರಳನ್ನು ಚಿವುಟಿದ. ಉಗುರು ಊರಿದ ಗುರುತು ಮೂಡಿತು, ನೋವು ಬರಲಿಲ್ಲ.

"ಉರೀತಿಲ್ವಾ?" ಬಟ್ಟೆ ಹರಿದು ಸುತ್ತುತ್ತಾ ಅವಳು ಮೆಲ್ಲಗೆ ಕೇಳಿದಳು.

"ಇಲ್ಲ."

"ಎಷ್ಟು ದಿನದಿಂದ ಹೀಗೆ?"

ಅದು ಅವನಿಗೇ ಗೊತ್ತಿರಲಿಲ್ಲ. ಟವೆಲ್ಲಿನ ಮೇಲಿನ ಕೆಂಪು ಗುರುತುಗಳು ಕಣ್ಣ ಮುಂದೆ ಬಂದವು. ಮುಳ್ಳು ಗೀರಿದ್ದು ಎಂದು ತಿಳಿದಿದ್ದ. ಗುಲಾಬಿಯ ಕೆಲಸದವನ ಕೈಯಲ್ಲಿ ಗೀರಿಲ್ಲದ ಜಾಗವಾದರೂ ಯಾವುದು? ಟವೆಲ್ಲು ಮಾರನೆಯ ದಿನ ಒಗೆದು ಒಣಗಿರುತ್ತಿತ್ತು. ಒಗೆದವಳು ಒಂದು ಮಾತೂ ಆಡಿರಲಿಲ್ಲ.

ಮನೆಗೆ ಬಂದವನು ಸೀದಾ ಅಡುಗೆಮನೆಗೆ ಹೋಗಿ, ಗೂಡಿನಲ್ಲಿದ್ದ ದಪ್ಪ ಪಿಂಗಾಣಿ ಕಪ್ಪನ್ನು ಬೋರಲು ಹಾಕಿದ. ಅದರ ತಳದ ಒರಟು ಅಂಚಿನಲ್ಲಿ ಉಕ್ಕು ಉಜ್ಜಿದ ಕರಿ ಗೀರುಗಳು, ಒಂದರ ಮೇಲೊಂದು.

ಹೆಂಡತಿ ಕಪ್ಪಿನ ಕಡೆ ನೋಡಲಿಲ್ಲ, ಅವನ ಬೆರಳಿನ ಬಟ್ಟೆ ನೋಡಿದಳು.

"ನೀನೇನಾ?"

"ನಾನೇ."

"ನನ್ನ ಕಸಿಗಳೆಲ್ಲ ಸತ್ತವು ಕಣೇ."

"ಗೊತ್ತು." ಅವಳು ಕೈ ಒರೆಸುವ ಬಟ್ಟೆಯನ್ನು ಹಿಂಡಿದಳು. "ಒಂದಿನ ನೀವು ಪದ್ಯ ಹೇಳ್ಕೊಂಡು ತಲೆ ಬಾಚ್ತಿದ್ರಿ. ಬೆಳ್ಳಗಿದ್ದ ಕೂದಲೆಲ್ಲ ಕೆಂಪು. ಕೈಯಿಂದ ಇಳೀತಾ ಇದೆ, ನೀವು ಬಾಚ್ತಾನೇ ಇದೀರಿ. ಎಣ್ಣೆ ಹಚ್ತೀನಿ ಬನ್ನಿ ಅಂತ ಸುಳ್ಳು ಹೇಳಿ ಒರೆಸಿದೆ."

"ಹೇಳಬಾರದಿತ್ತಾ?"

"ಬೆರಳು ಸತ್ತಿದೆ ಅಂತ ನಿಮಗೆ ಯಾವ ಬಾಯಲ್ಲಿ ಹೇಳ್ಲಿ? ಚಾಕು ಸತ್ತಿದೆ ಅಂತ ನೀವೇ ಅಂದ್ಕೊಂಡ್ರಿ. ನಾನು ಸುಮ್ಮನಿದ್ದು, ನಿಮ್ಮ ಕೈ ಕುಯ್ಯದಿರಲಿ ಅಂತ ದಿನಾ ಅದನ್ನ ಮೊಂಡು ಮಾಡಿದೆ."

ಅವನು ಗೋಡೆಗೊರಗಿ ಕೂತ. ಎಡಗೈಯಲ್ಲಿ ಚಾಕು ತೆಗೆದು, ಹಲ್ಲಿನಿಂದ ಅಲಗು ಬಿಚ್ಚಿ, ಹಿಡಿಯನ್ನು ಅವಳ ಕಡೆ ಮಾಡಿ ಮೇಜಿನ ಮೇಲಿಟ್ಟ.

"ಕುಯ್ಯೋಕೆ ಕಣ್ಣಿದೆ, ನಡೆಯುತ್ತೆ. ಹರಿತ ತಿಳಿಯೋಕೆ ಮಾತ್ರ ಒಂದು ಬೆರಳು ಬೇಕು," ಎಂದ. ಅವನ ದನಿ ಪ್ರಾರ್ಥನೆಗೆ ಕೂತವನ ದನಿಯಾಗಿತ್ತು. "ದಿನಾ ನಾನು ಮಸೀತೀನಿ. ನೀನು ಮುಟ್ಟಿ ನೋಡಿ, ಬಂತು, ಬಂದಿಲ್ಲ, ಅಷ್ಟು ಹೇಳು. ನಾಳೆ ಒಂದು ಸಾಲು ಕಟ್ಟಬೇಕು ಕಣೇ. ಇನ್ನೇನೂ ಕೇಳಲ್ಲ."

ಅವಳು ಕೈ ಒರೆಸಿಕೊಂಡಳು. ಒಂದೊಂದೇ ಬೆರಳನ್ನು ನಿಧಾನವಾಗಿ ಒರೆಸಿಕೊಂಡು ಮೇಜಿನ ಹತ್ತಿರ ಬಂದಳು. ಕಿಟಕಿಯ ಬೆಳಕು ಅಲಗಿನ ಮೇಲೆ ಬಿದ್ದಿತ್ತು. ಬಾಯುದ್ದಕ್ಕೂ ಎಲ್ಲೂ ಒಂದು ಮಿಂಚಿಲ್ಲ.

ಅವಳ ಕೈ ಚಾಕುವನ್ನು ದಾಟಿ ಹೋಯಿತು. ಬೋರಲು ಬಿದ್ದಿದ್ದ ಕಪ್ಪನ್ನು ಎತ್ತಿಕೊಂಡು, ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಳು.

"ಆಗಲ್ಲ," ಅಂದಳು.