ಫೋನಿನೊಳಗಿನ ಕವಡೆ

"ಈ ಕವಡೆ ಸುಳ್ಳು ಹೇಳುತ್ತೆ ಕಣೆ," ಎಂದು ಸುಭದ್ರತ್ತೆ ಫೋನನ್ನು ಮಡಿಲಿಗಿಟ್ಟುಕೊಂಡರು. "ಎಂಟರ ಮೇಲೆ ಎಂಟು ಬೀಳ್ತಿದೆ. ಒಂದೇ ಆಟಕ್ಕೆ ಆರು ಎಂಟು! ನಮ್ಮ ಮೈಸೂರಲ್ಲಿ ಯಾರಾದ್ರೂ ಹೀಗೆ ಹಾಕಿದ್ರೆ ಕೈ ಹಿಡಿದು ಕೇಳ್ತಿದ್ವಿ."

"ಅತ್ತೆ, ಅದು ಮಷೀನ್. ಝೂಟ್ ಹೇಳಲ್ಲ," ಎಂದಳು ಅವರ ತಮ್ಮನ ಮಗಳು ಪ್ರೇರಣಾ. ವಡೋದರಾದಲ್ಲೇ ಹುಟ್ಟಿ ಬೆಳೆದವಳ ಕನ್ನಡ ಅಷ್ಟೇ. ಬೆಳಗಿನಿಂದ ಅವಳು ನಿಂತಲ್ಲಿ ನಿಂತಿರಲಿಲ್ಲ, ಕೂತಲ್ಲಿ ಕೂತಿರಲಿಲ್ಲ. ಗೋರ್ವಾದ ಕಾರ್ಖಾನೆಯ ಕಂಪ್ಯೂಟರ್ ಕೆಲಸ ಬಿಟ್ಟು, ಮೊಬೈಲಿಗೆ ಆಟ ಬರೆದು ಬದುಕುತ್ತೇನೆಂದು ಹೊರಟು ಹದಿನಾಲ್ಕು ತಿಂಗಳಾಗಿತ್ತು. ಮೊದಲೆರಡು ಆಟಗಳನ್ನು ಯಾರೂ ಮೂಸಿ ನೋಡಲಿಲ್ಲ. ಈ ಚೌಕಾಬಾರವನ್ನು ನೋಡುತ್ತೇವೆಂದು ಅಹಮದಾಬಾದಿನ ಒಂದು ಕಂಪನಿ ನಾಳೆ ಹನ್ನೊಂದಕ್ಕೆ ಕರೆದಿತ್ತು. ಅವರು ಒಪ್ಪದಿದ್ದರೆ ಸೋಮವಾರ ಸೂರತ್ ಪಕ್ಕದ ಸಚಿನ್‌ನಲ್ಲಿ, ಬಣ್ಣದ ಕಾರ್ಖಾನೆಯಲ್ಲಿ ಹಾಜರಾಗಬೇಕು. ಅಪ್ಪ ಕೃಷ್ಣಮೂರ್ತಿ ಗೆಳೆಯರ ಕೈಕಾಲು ಹಿಡಿದು ಗಿಟ್ಟಿಸಿದ ಆ ನೇಮಕದ ಕಾಗದ ಫ್ರಿಜ್ಜಿನ ಮೇಲೆ ಕೂತು ಇವಳನ್ನೇ ನೋಡುತ್ತಿತ್ತು.

ಅತ್ತೆ ಫೋನನ್ನು ಮತ್ತೆ ಎತ್ತಿಕೊಂಡರು. ಬಟನ್ ಒತ್ತುವ ಮೊದಲು ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಕಿವಿಯ ಹತ್ತಿರ ಗಲಗಲ ಕುಲುಕುವುದು ಅವರ ಅಭ್ಯಾಸ. ಒಳಗೆ ನಿಜವಾಗಿ ಕವಡೆ ಇದೆಯೇನೋ ಎಂಬಂತೆ! ಕುಲುಕಿ ಒತ್ತಿದರು.

"ನೋಡು, ಎಂಟು."

ಇನ್ನು ವಾದ ಮಾಡಿ ಫಲವಿರಲಿಲ್ಲ. ಅತ್ತೆ ಚೀಲದಿಂದ ತಮ್ಮ ನಾಲ್ಕು ಕವಡೆ ತೆಗೆದು ನೆಲದ ಮೇಲೆ ಹಾಕತೊಡಗಿದರು. ಪ್ರೇರಣಾ ಹಳೆಯ ಕ್ಯಾಲೆಂಡರಿನ ಹಿಂದೆ ಗೀಟು ಎಳೆಯುತ್ತಾ ಕೂತಳು. ನೂರು ಸಲ ಹಾಕುವಷ್ಟರಲ್ಲಿ ಎಂಟು ಬಿದ್ದದ್ದು ಏಳೇ ಸಲ. ಫೋನಿನಲ್ಲಿ ನೂರಕ್ಕೆ ಇಪ್ಪತ್ತೆರಡು. ತನ್ನ ಪ್ರೋಗ್ರಾಮಿನ ತಪ್ಪು ಪ್ರೇರಣಾಳಿಗೆ ಆಗ ಹೊಳೆಯಿತು. ಒಂದು, ಎರಡು, ಮೂರು, ನಾಲ್ಕು, ಎಂಟು ಎಂದು ಐದು ಫಲಗಳನ್ನು ಬರೆದು, ಐದಕ್ಕೂ ಸಮಪಾಲು ಹಂಚಿಬಿಟ್ಟಿದ್ದಳು. ನಾಲ್ಕು ಕವಡೆಯೂ ಒಟ್ಟಿಗೆ ಬೋರಲು ಬಿದ್ದರೆ ತಾನೇ ಎಂಟು? ಅದು ಅಪರೂಪವೆಂದೇ ಅದಕ್ಕೆ ಬೆಲೆ, ಅದಕ್ಕೇ ಮತ್ತೊಂದು ಸಲ ಹಾಕುವ ಹಕ್ಕು. ಕವಡೆಯನ್ನು ಕೈಯಲ್ಲಿ ಹಿಡಿಯದೆ ಕವಡೆಯಾಟ ಬರೆದವಳಿಗೆ ಇನ್ನೇನಾದೀತು!

ಸಂಜೆಯೊಳಗೆ ತಿದ್ದಿದಳು. ಕಂಪ್ಯೂಟರಿನಲ್ಲೂ ಈಗ ನಾಲ್ಕು ಕವಡೆ ಒಂದೊಂದಾಗಿ ಮಗುಚಿ ಬೀಳುತ್ತಿದ್ದವು. ಹೊಸದನ್ನು ಫೋನಿಗೆ ಹಾಕಿದಳು, ಆದರೆ ಹಳೆಯದನ್ನು ಅಳಿಸಲಿಲ್ಲ.

ಮರುದಿನ ರೈಲಿನಲ್ಲಿ ಸೀಟು ಸಿಕ್ಕಿದರೂ ಅಹಮದಾಬಾದಿನವರೆಗೆ ಬಾಗಿಲಲ್ಲೇ ನಿಂತು ಹೋದಳು.

ಕಂಪನಿಯ ಅಮೃತ್‌ಭಾಯ್ ಪರದೆ ನೋಡಿದ್ದೇ ಹಿಗ್ಗಿದರು. "ಅರೇ, ಆ ತೋ ಇಸ್ಟೋ!" ಎಂದು ಚೌಕಾಬಾರದ ಗುಜರಾತಿ ಹೆಸರು ಹೇಳಿದರು. "ನಮ್ಮ ಬಾ, ನನ್ನ ಅಮ್ಮ, ದಿನಾ ಆಡುತ್ತಿದ್ದರು." ಕಾಲು ಮಡಿಸಿ ಕುರ್ಚಿಯ ಮೇಲೇರಿ ಕೂತು ಆಡತೊಡಗಿದರು. ಎರಡು. ಮೂರು. ಎರಡು. ಒಂದು. ಮತ್ತೆ ಎರಡು. ಚಹಾ ಬಂತು. ಫೋನನ್ನು ಮೇಜಿನ ಮೇಲಿಟ್ಟು ಬಸಿಯಲ್ಲಿ ಸುರಿದು ಕುಡಿಯುತ್ತಾ ಕಿಟಕಿಯ ಕಡೆ ನೋಡಿದರು. ಆ ನೋಟ ಪ್ರೇರಣಾಳಿಗೆ ಗೊತ್ತಿತ್ತು. ಮೊದಲೆರಡು ಆಟಗಳೂ ಇಂಥ ನೋಟದಲ್ಲೇ ಸತ್ತಿದ್ದವು.

"ಇನ್ನೊಂದು ಇದೆ," ಎಂದುಬಿಟ್ಟಳು.

ಹಳೆಯದರಲ್ಲಿ ಎರಡನೇ ಸಲಕ್ಕೇ ಎಂಟು ಬಿತ್ತು. ಆಮೇಲೆ ನಾಲ್ಕು. ಮತ್ತೆ ಎಂಟು. ಅಮೃತ್‌ಭಾಯ್ ತೊಡೆ ತಟ್ಟಿಕೊಂಡು ನಕ್ಕರು, ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದರು.

"ಆದರೆ ನಿಜವಾದ ಕವಡೆ ಹೀಗೆ ಬೀಳಲ್ಲ," ಎಂದಳು ಪ್ರೇರಣಾ.

"ಅದು ನನಗೆ ಗೊತ್ತಿಲ್ಲವೇ ಬೇನ್? ಬಾ ಒಂದು ಎಂಟಿಗೆ ಮಧ್ಯಾಹ್ನವಿಡೀ ಕಾಯುತ್ತಿದ್ದರು. ಬಸ್‌ಸ್ಟಾಪಿನಲ್ಲಿ ನಿಂತು ಫೋನಿನಲ್ಲಿ ಆಡುವವನು ಅಷ್ಟು ಕಾಯುತ್ತಾನೆಯೇ? ಇದನ್ನು ಕೊಟ್ಟರೆ ಇವತ್ತೇ ಕಾಗದ ಮಾಡೋಣ. ಮುಂದಿನ ಎರಡು ಆಟವೂ ನೀವೇ ಬರೆಯಿರಿ. ಅದಾದರೆ..." ಎಂದು ತಿದ್ದಿದ ಆಟ ಬೇಡವೆಂಬಂತೆ ಕೈ ಆಡಿಸಿದರು.

ಅವಳು ಸಚಿನ್‌ನ ಕಾಗದವನ್ನು ನೆನೆದಳು. ಪೆನ್ನು ತೆಗೆದುಕೊಂಡಳು.

ಮನೆಗೆ ಬಂದಾಗ ಅಪ್ಪ ಸಹಿಯಾದ ಕಾಗದವನ್ನು ಎರಡೆರಡು ಸಲ ಓದಿ, ಫ್ರಿಜ್ಜಿನ ಮೇಲಿದ್ದ ಇನ್ನೊಂದು ಕಾಗದವನ್ನು ತೆಗೆದು ಮಡಿಸಿ ಜೇಬಿಗಿಟ್ಟುಕೊಂಡರು. ಪ್ರೇರಣಾಳಿಗೆ ಸಂತೋಷವಾಗಿತ್ತು, ಅದರಲ್ಲಿ ಅನುಮಾನವೇ ಇಲ್ಲ. ಆದರೂ ಅಡುಗೆಮನೆಗೂ ಪಡಸಾಲೆಗೂ ಸುಮ್ಮನೆ ಓಡಾಡುತ್ತಲೇ ಇದ್ದಳು.

"ಎಲ್ಲಿ, ಕೊಡೇ ಇತ್ಲಾಗೆ," ಎಂದರು ಅತ್ತೆ. ಪ್ರೇರಣಾ ಫೋನಿನಲ್ಲಿ ತಿದ್ದಿದ ಆಟವನ್ನು ಹುಡುಕಿ ತೆಗೆದು ಕೊಟ್ಟಳು.

ಅತ್ತೆ ಆಡುತ್ತಾ ಹೋದರು. ಎಂಟು ಬೀಳಲಿಲ್ಲ. ಕಾಯಿ ಒಂದೊಂದೇ ಮನೆ ತೆವಳುತ್ತಿತ್ತು. ಅವರ ಮುಖದಲ್ಲಿ ಮಾತ್ರ ತೃಪ್ತಿ.

"ಈಗ ಸರಿಹೋಯ್ತು ನೋಡು. ನಾನು ಹೇಳ್ದೆ ಅಂತ ತಿದ್ದಿದೆಯಲ್ಲ, ಬಂಗಾರ ನೀನು. ಎಲ್ಲರ ಫೋನಿಗೂ ಇದೇ ತಾನೆ ಬರೋದು?"

"ಹೂಂ ಅತ್ತೆ."

ಅತ್ತೆ ಫೋನನ್ನು ಅಂಗೈಯಲ್ಲಿ ಮುಚ್ಚಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕುಲುಕಿದರು.