ಅಪ್ಪನ ಮಂಡಿಯ ಪ್ಲಾಸ್ಟರ್

ಗುರುವಾರ ಬೆಳಿಗ್ಗೆ ಸ್ನಾನಕ್ಕೆ ಹೋದವಳು ಹೊಕ್ಕುಳಿನ ಕೆಳಗೆ ಅಂಟಿಸಿಕೊಂಡಿದ್ದ ಹಾರ್ಮೋನು ಪ್ಯಾಚನ್ನು ಕಿತ್ತು, ಅಂಟು ಒಳಗೆ ಬರುವಂತೆ ಮಡಿಸಿ, ಬಚ್ಚಲಿನ ಕಸದ ಬುಟ್ಟಿಗೆ ಹಾಕಿದಳು. ಹಾಗೇ ಮಾಡಬೇಕೆಂದು ಡಬ್ಬದೊಳಗಿನ ಚೀಟಿಯಲ್ಲಿ ಬರೆದಿತ್ತು. ಬರೆದದ್ದನ್ನು ಬರೆದಂತೆ ಮಾಡುವುದು ಅವಳ ಜಾಯಮಾನ. ಕೃತಕ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ; ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಯಾರದೋ ಒಸಡು ಹುಣ್ಣಾಗುತ್ತದೆ. ಸ್ನಾನ ಮುಗಿಸಿ, ಪ್ಯಾಚ್ ಹಚ್ಚುವ ಜಾಗವನ್ನು ಒರೆಸಿ ಒಣಗಿಸಿಕೊಂಡು, ಕೋಣೆಗೆ ಬಂದು ಬ್ಯಾಗಿಗೆ ಕೈಹಾಕಿದಳು. ಡಬ್ಬ ಸಿಕ್ಕಿತು. ಡಬ್ಬದೊಳಗೆ ಆ ಚೀಟಿ ಬಿಟ್ಟರೆ ಏನೂ ಇರಲಿಲ್ಲ.

ಬ್ಯಾಗನ್ನು ಮಂಚದ ಮೇಲೆ ಬೋರಲು ಹಾಕಿದಳು. ಬಟ್ಟೆ ಒಂದೊಂದಾಗಿ ಕೊಡವಿದಳು. ವರ್ಷಗಳ ಹಿಂದೆ ಆದ ಶಸ್ತ್ರಚಿಕಿತ್ಸೆಯ ನಂತರ ಅವಳ ಮೈ ತಾನಾಗಿ ಗಂಡಿನ ಹಾರ್ಮೋನನ್ನೂ ಮಾಡುತ್ತಿರಲಿಲ್ಲ, ಹೆಣ್ಣಿನದನ್ನೂ ಮಾಡುತ್ತಿರಲಿಲ್ಲ. ವಾರಕ್ಕೆರಡು ಬಾರಿ ಬದಲಿಸುವ ಆ ಪ್ಯಾಚಿನಿಂದ ಚರ್ಮದೊಳಕ್ಕೆ ಇಳಿಯುವುದಷ್ಟೇ ಆಧಾರ. ಅದಕ್ಕೇ ಅಪ್ಪ ಅಮ್ಮನ ಮನೆಗೆ ಹೊರಡುವಾಗ ಬೇಕಾದ್ದಕ್ಕಿಂತ ಹೆಚ್ಚೇ ತಂದಿದ್ದಳು.

ಬಂದದ್ದು ಅಮ್ಮನ ಕಣ್ಣಿಗಾಗಿ. ಅಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆದಿದ್ದರು; ಹೊತ್ತು ಹೊತ್ತಿಗೆ ಹನಿ ಹಾಕಲು ಯಾರಾದರೂ ಬೇಕಿತ್ತು. ಅಣ್ಣನಿಗೆ ರಜೆ ಸಿಗಲಿಲ್ಲ. ಬೇರೆ ದಾರಿ ಕಾಣದೆ ಅಮ್ಮ ಅವಳಿಗೆ ಫೋನು ಮಾಡಿದ್ದಳು. ಗಂಡುಮಗುವೆಂದು ಬೆಳೆಸಿದ ಮನೆಯಿಂದ ಹೊರಬಿದ್ದು, ಹೆಣ್ಣಾಗಿ ಬದುಕತೊಡಗಿದ ಮೇಲೆ ಅವಳು ಈ ಮನೆಯಲ್ಲಿ ರಾತ್ರಿ ತಂಗಿದ್ದು ಇದೇ ಮೊದಲು. ಅಪ್ಪನೊಂದಿಗೆ ಮಾತಿರಲಿಲ್ಲ. ಹೇಳುವುದೇನಿದ್ದರೂ ಅವನು ಅಮ್ಮನ ಕಡೆ ತಿರುಗಿ ಹೇಳುತ್ತಿದ್ದ. "ಅದಕ್ಕೆ ಟೀ ಕೊಟ್ಯಾ?" "ಅದು ಯಾವಾಗ ವಾಪಸ್ ಹೋಗತ್ತಂತೆ?"

ಅಡುಗೆಮನೆಯಲ್ಲಿ ಅಮ್ಮ ಕಣ್ಣಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಹಗುರವಾಗಿ ಮುಟ್ಟಿಕೊಳ್ಳುತ್ತಾ ಟೀಗೆ ನೀರಿಡುತ್ತಿದ್ದಳು.

"ಅಮ್ಮಾ, ನನ್ನ ಬ್ಯಾಗಲ್ಲಿ ಒಂದು ಡಬ್ಬ ಇತ್ತಲ್ಲ..."

"ಓ, ಅದಾ! ನಿಮ್ಮಪ್ಪನ ಮಂಡಿಗೆ ಹಾಕ್ಬಿಟ್ಟೆ ಮರಿ." ಅಮ್ಮನ ಮುಖ ಅರಳಿತು. "ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಅವರಿಗೇ ಅಂತ ತಂದಿದೀಯ, ಕೊಡೋಕೆ ಮುಜುಗರ ಪಟ್ಕೊಂಡು ಒಳಗೇ ಬಚ್ಚಿಟ್ಟಿದೀಯ. ನಿನ್ನ ಬಟ್ಟೆ ಒಗೆಯೋಕೆ ತೆಗೀತಿದ್ದೆ, ಕೈಗೆ ಸಿಕ್ತು. ಈ ಕಣ್ಣಲ್ಲಿ ಅಕ್ಷರ ಎಲ್ಲಿ ಕಾಣತ್ತೆ? ಚಿತ್ರ ಇತ್ತಲ್ಲ, ಮೈಗೆ ಅಂಟಿಸೋದು. ನೋವಿನ ಪ್ಲಾಸ್ಟರ್ ಅಂತ ತಿಳೀತು."

"ಎಷ್ಟು ಹಾಕ್ದೆ?"

"ಒಂದೊಂದು ಮಂಡಿಗೆ ಎರಡೆರಡು. ನಿನ್ನೆ ಹಾಕಿದ್ದನ್ನ ಅವರ ಸ್ನಾನಕ್ಕೆ ಮುಂಚೆ ಕಿತ್ತು ಎಸೆದೆ, ಇವತ್ತು ಹೊಸದು ಹಾಕ್ದೆ. ಅಷ್ಟಕ್ಕೇ ಮುಗ್ದೋಯ್ತು. ಇಷ್ಟಿಷ್ಟಗಲ ಇದೆ, ಇನ್ನೂ ಸ್ವಲ್ಪ ದೊಡ್ಡದು ಸಿಗಲ್ವಾ ನಿಮ್ಮ ಕಡೆ?" ಅಮ್ಮ ದನಿ ತಗ್ಗಿಸಿದಳು. "ನೀನು ತಂದಿದ್ದು ಅಂತ ಹೇಳೇ ಹಾಕಿದ್ದು. ಬೇಡ ಅನ್ಲಿಲ್ಲ."



ಬೇಡ ಅನ್ನದಿರುವುದು ಆ ಮನೆಯಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಅವಳು ಕಳಿಸಿದ ಸ್ವೆಟರು ಪೊಟ್ಟಣವನ್ನೂ ಬಿಚ್ಚಿಸಿಕೊಳ್ಳದೆ ಅಟ್ಟ ಸೇರಿತ್ತು. ಅವಳೇ ಕಳಿಸಿದ ಊರುಗೋಲನ್ನು ಅಪ್ಪ ಕಿಟಕಿ ಮುಚ್ಚಿಕೊಳ್ಳದಂತೆ ತಡೆ ಕೊಡಲು ಬಳಸುತ್ತಿದ್ದ. ಹಲ್ಲೆಲ್ಲ ಉದುರಿದಾಗ, ಬಾಯಿಯ ಅಚ್ಚು ತೆಗೆಸಿ ಕಳಿಸಿದರೆ ತಾನೇ ಕೂತು ಹಲ್ಲಿನ ಸೆಟ್ಟು ಮಾಡಿಕೊಡುತ್ತೇನೆಂದು ಅವಳು ಹೇಳಿ ಕಳಿಸಿದ್ದಳು. "ಒಸಡಲ್ಲೇ ತಿಂದು ಸಾಯ್ತೀನಿ ಅಂತ ಹೇಳು" ಎಂದಿದ್ದ. ಅಂಥವನು ಈಗ ಅವಳು ತಂದದ್ದೆಂದು ತಿಳಿದೇ ಕಾಲು ಚಾಚಿ ಹಚ್ಚಿಸಿಕೊಂಡಿದ್ದ.

ಅಪ್ಪ ಟೈಲ್ಸ್ ಹಾಕುವ ಮೇಸ್ತ್ರಿ. ದುಡಿದಷ್ಟು ಕಾಲವೂ ಮಂಡಿಯೂರಿ ದುಡಿದವನು; ಮಂಡಿಗಳು ಅಲ್ಲೇ ಸವೆದುಹೋದವು. ಶಾಲೆಗೆ ರಜೆಯಿದ್ದಾಗ ಅವಳೂ ಅವನ ಹಿಂದೆ ಹೋಗುತ್ತಿದ್ದಳು. ಹಾಕಿದ ಪ್ರತಿಯೊಂದು ಟೈಲನ್ನೂ ಅವನು ಕರಣೆಯ ಹಿಡಿಯಿಂದ ಕುಟ್ಟಿ ಸದ್ದು ಕೇಳುತ್ತಿದ್ದ. ಅಡಿಯಲ್ಲಿ ಗಾರೆ ತುಂಬದೆ ಟೊಳ್ಳು ಉಳಿದಿದ್ದರೆ ಸದ್ದು ಬೇರೆ. ಟೊಳ್ಳೆಂದು ಕಂಡರೆ, ಮನೆಯ ಯಜಮಾನ ಎದುರಿಗೇ ನಿಂತು ಚೆನ್ನಾಗಿದೆ ಅನ್ನುತ್ತಿದ್ದರೂ ಸರಿ, ಕಿತ್ತು ಮತ್ತೆ ಹಾಕುತ್ತಿದ್ದ. "ಇವತ್ತು ಸುಮ್ಮನಿದ್ರೆ ನಾಳೆ ಅವರ ಮನೆಯವರ ಕಾಲಡಿ ಒಡೆಯತ್ತೆ" ಎನ್ನುತ್ತಿದ್ದ.

ಇನ್ನೊಂದು ಸಂಗತಿಯೂ ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅಪ್ಪನ ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಅವನು ಆಸ್ಪತ್ರೆ ಸೇರಿದ್ದ. ಬರುತ್ತೇನೆಂದು ಅವಳು ಹೇಳಿದಾಗ, ನೋಡಲು ಬರುವ ನೆಂಟರ ಮುಂದೆ ಬೇಡ ಎಂದು ಉತ್ತರ ಬಂದಿತ್ತು. ಈ ಹಾರ್ಮೋನು ರಕ್ತವನ್ನು ಮತ್ತೆ ಹೆಪ್ಪುಗಟ್ಟಿಸಬಹುದು; ಅಂಥ ಕಾಲಿಗೆ ಸೋಕಬಾರದ ವಸ್ತು. ಆ ಕ್ಷಣವೇ ಹೇಳಬೇಕಿತ್ತು. ಟೀ ಕುಡಿದು ಹೇಳುತ್ತೇನೆ ಅಂದುಕೊಂಡಳು.

ಅಷ್ಟರಲ್ಲಿ ಅಪ್ಪನ ಹಳೆಯ ಜೊತೆಗಾರ ಬಂದ. ಅವನೂ ಟೈಲ್ಸ್ ಕೆಲಸದವನೇ. ಸದಾ ಒಂದು ಕಡೆಗೆ ವಾಲಿಕೊಂಡು ನಡೆಯುತ್ತಿದ್ದುದರಿಂದ ಎಲ್ಲರೂ ತಮಾಷೆಗೆ ಅವನನ್ನು, ನೆಲದ ಮಟ್ಟ ನೋಡುವ ಸಾಧನದ ಹೆಸರಿಟ್ಟು, ರಸಮಟ್ಟ ಎಂದು ಕರೆಯುತ್ತಿದ್ದರು. ಅವನು ಕೂರುವ ಮೊದಲೇ ಅಪ್ಪ ಪ್ಯಾಂಟು ಮಡಿಸಿ ಮಂಡಿ ತೋರಿಸಿದ.

"ನೋಡಯ್ಯ ಇಲ್ಲಿ. ಬಚ್ಚಲಿಗೆ ಗೋಡೆ ಹಿಡ್ಕೊಳ್ದೆ ಹೋಗಿ ಬಂದೆ ಇವತ್ತು."

"ಅಷ್ಟೇನಾ? ಓಟದ ರೇಸಲ್ಲಿ ಗೆದ್ದೆ ಅಂತೀಯೇನೋ ಅಂದ್ಕೊಂಡೆ ನಾನು."

"ತಮಾಷೆ ಅಲ್ವೋ. ಎಣ್ಣೆ ಹಚ್ಚಿದೆ, ಸೂಜಿ ಚುಚ್ಚಿಸ್ಕೊಂಡೆ, ಯಾವುದೂ ಕೇಳ್ಲಿಲ್ಲ. ಇದು ಒಂದೇ ದಿನಕ್ಕೆ ಕೇಳ್ತು."

"ಎಲ್ಲಿ ಸಿಗತ್ತೆ? ನಂಗೂ ಕೊಡ್ಸು, ನೆಟ್ಟಗೆ ನಡೀತೀನಿ."

"ನೀನು ನೆಟ್ಟಗೆ ನಡೆದ್ರೆ ನಿನ್ನ ಹೆಂಡ್ತಿಗೇ ಗುರ್ತು ಸಿಗಲ್ಲ." ನಗುತ್ತಲೇ ಅಪ್ಪ ಬಾಗಿಲ ಕಡೆ ತಿರುಗಿದ. ಅಲ್ಲಿ ಅವಳು ನಿಂತಿದ್ದಳು. ಅಮ್ಮ ಒಳಗಿದ್ದಳು, ನಡುವೆ ಮಾತು ದಾಟಿಸಲು ಯಾರೂ ಇರಲಿಲ್ಲ. ಅಪ್ಪ ಒಂದು ಗಳಿಗೆ ತಡವರಿಸಿ, ನೇರ ಅವಳ ಮುಖ ನೋಡಿ ಹೇಳಿದ: "ಇನ್ನೊಂದು ಡಬ್ಬ ತರಿಸು. ಇವನಿಗೂ ಸ್ವಲ್ಪ ಕೊಡೋಣ."

"ಆಯ್ತಪ್ಪ" ಎಂದಳು. ಅಂದದ್ದು ತಾನೇ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಆ ದಿನ ಅಪ್ಪ ಅವಳೊಂದಿಗೆ ಮತ್ತೂ ಮಾತಾಡಿದ. ಲ್ಯಾಬಿನಲ್ಲಿ ಕೂತು ಕೆಲಸವೋ ನಿಂತು ಕೆಲಸವೋ ಎಂದು ಕೇಳಿದ. ಕೂತೇ ಎಂದಾಗ "ಸದ್ಯ, ಮಂಡಿ ಉಳೀತು" ಎಂದ. ಅಮ್ಮ ಒಳಗೆ ಪಾತ್ರೆಗಳನ್ನು ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿ ಜೋಡಿಸುತ್ತಿದ್ದಳು. ಅದು ಅವಳ ಖುಷಿ.

ಮರುದಿನ ಅವಳು ಔಷಧಿ ಅಂಗಡಿಗೆ ಹೋಗಿ ವೈದ್ಯೆಯ ಚೀಟಿಯನ್ನು ಫೋನಿನಲ್ಲಿ ತೋರಿಸಿದಳು. ಅಂಗಡಿಯವನು ಚೀಟಿ ನೋಡಿದ, ಅವಳನ್ನು ನೋಡಿದ, ಅವಳ ಕುತ್ತಿಗೆಯ ಉಬ್ಬನ್ನು ನೋಡಿದ.

"ಇದು ಮುಟ್ಟು ನಿಂತೋರಿಗೆ ಕೊಡೋದು. ಯಾರಿಗೆ?"

"ನನಗೆ."

"ನಿಮಗಾ?"

"ಚೀಟಿಯಲ್ಲಿ ಹೆಸರಿದೆ. ಇದೆಯೋ ಇಲ್ವೋ ಹೇಳಿ."

"ಇಲ್ಲ. ಇಂಥದ್ದು ಇಲ್ಲಿ ಯಾರೂ ಕೇಳಲ್ಲ. ತರಿಸಿದ್ರೆ ಸೋಮವಾರ." ಅವನು ಒಳಗಿದ್ದ ಇನ್ನೊಬ್ಬನ ಕಡೆ ತಿರುಗಿ ಏನೋ ಹೇಳಿದ. ಇಬ್ಬರೂ ನಗು ತಡೆದುಕೊಂಡು ಗಂಭೀರರಾದರು. ಊರಿನ ಇನ್ನೊಂದು ಅಂಗಡಿಯಲ್ಲಿ ಅಷ್ಟೂ ಕೇಳಲಿಲ್ಲ; ಇಲ್ಲ ಎಂದು ಕೈಯಾಡಿಸಿದರು.

ಮಧ್ಯಾಹ್ನ ಮೊದಲ ಸಲ ಅವಳ ಮೈಗೆ ಕಾವು ಏರಿತು. ಎದೆಯಿಂದ ಹೊರಟು ಕುತ್ತಿಗೆ ಹತ್ತಿ ಕಿವಿಗೆ ಹೋಯಿತು. ಕಣ್ಣಿಗೆ ಹನಿ ಹಾಕಲು ಅಮ್ಮನ ಮೇಲೆ ಬಾಗಿದ್ದವಳ ಗಲ್ಲದಿಂದ ಬೆವರು ತೊಟ್ಟಿಕ್ಕಿತು. ಔಷಧಿಯ ಹನಿ ಕಣ್ಣು ತಪ್ಪಿ ಕೆನ್ನೆಗೆ ಬಿತ್ತು.

"ಜ್ವರಾನಾ ಮರಿ?"

"ಸೆಕೆ."

"ಸೆಕೆ ಎಲ್ಲಿದೆ? ನಂಗೆ ಚಳಿ ಆಗ್ತಿದೆ."

ಕಾವು ಇಳಿದಾಗ ಬೆನ್ನು ತಣ್ಣಗೆ ಅಂಟಂಟಾಯಿತು. ಸಂಜೆಯ ಹೊತ್ತಿಗೆ ತಲೆ ಭಾರ; ಸಣ್ಣ ಮಾತಿಗೂ ಕಣ್ಣು ತುಂಬುತ್ತಿತ್ತು. ಅದರಿಂದ ಸಾಯುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಪ್ಯಾಚು ಇಲ್ಲದ ತನ್ನ ಮೈ ಇಷ್ಟು ಬೇಗ ಕೈಕೊಡುವುದನ್ನು ಅವಳು ಮರೆತಿದ್ದಳು. ಅಂಗಳದಲ್ಲಿ ಅಪ್ಪ ಗೋಡೆ ಹಿಡಿಯದೆ ಓಡಾಡುತ್ತಿದ್ದ. ತನ್ನದು ಅವನ ಮಂಡಿಯಲ್ಲಿ ಅಂಟಿಕೊಂಡಿದೆ, ತಾನು ಇಲ್ಲಿ ಬೇಯುತ್ತಿದ್ದೇನೆ. ನಗಬೇಕೆನಿಸಿತು. ನಗುವಷ್ಟು ಶಕ್ತಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ಕಾಲುಚೀಲ ಕಳಚಿದಾಗ ಎಡಗಾಲಿನ ಮೇಲೆ ಅದರ ಪಟ್ಟೆ ಆಳವಾಗಿ ಒತ್ತಿತ್ತು. ಬಲಗಾಲಿನಲ್ಲಿ ಅಷ್ಟಿರಲಿಲ್ಲ. ಮೊದಲಿನಿಂದಲೂ ಹಾಗೇ ಇರಬಹುದು. ಅವಳಿಗೆ ತಿಳಿಯದು, ಆ ಕಾಲನ್ನು ಅವಳಿಗೆ ನೋಡಗೊಟ್ಟವರಾರು? ಹಿತ್ತಲಿಗೆ ಹೋಗಿ ತನ್ನ ವೈದ್ಯೆಗೆ ಫೋನು ಮಾಡಿದಳು. ಚರ್ಮದ ಮೂಲಕ ಹೋಗುವುದರಿಂದ ಅಪಾಯ ಕಡಿಮೆ, ಆದರೂ ಈಗಲೇ ತೆಗೆಸಿ, ಕಾಲನ್ನು ಇವತ್ತೇ ಅವರ ಡಾಕ್ಟರಿಗೆ ತೋರಿಸಿ, ಉಸಿರು ಹಿಡಿದರೆ ನೇರ ಆಸ್ಪತ್ರೆಗೆ ಎಂದಳು ವೈದ್ಯೆ. ನಿಮಗೆ ಯಾವಾಗ ಗೊತ್ತಾಯಿತು ಎಂದೂ ಕೇಳಿದಳು. ಗುರುವಾರ ಎಂದಾಗ, ಈಗಲೇ ಹೋಗಿ ತೆಗೆಸಿ ಎಂದು ಮತ್ತೊಮ್ಮೆ ಹೇಳಿ ಫೋನಿಟ್ಟಳು.

ಅಪ್ಪ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ. ಅವಳು ಎದುರಿಗೆ ನೆಲದ ಮೇಲೆ ಕೂತಳು.

"ಅಪ್ಪ, ಆ ಪ್ಲಾಸ್ಟರ್ ತೆಗೀಬೇಕು."

"ಯಾಕೆ? ಇನ್ನೂ ಗಟ್ಟಿಯಾಗೇ ಇದೆ."

"ಅದು ನೋವಿಗಲ್ಲ. ಅದು ನಂದು. ಅಮ್ಮನಿಗೆ ಗೊತ್ತಾಗ್ಲಿಲ್ಲ. ಹೆಂಗಸರ ಮೈಯಲ್ಲಿ ಹಾರ್ಮೋನು ಇರತ್ತಲ್ಲ, ಅದು ನನ್ನ ಮೈಯಲ್ಲಿ ಆಗಲ್ಲ. ಅದಕ್ಕೆ ಹಾಕ್ಕೋತೀನಿ. ನಿಮಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಒಳ್ಳೇದಲ್ಲ. ಇವತ್ತೇ ಡಾಕ್ಟರಿಗೆ ತೋರಿಸ್ಬೇಕು."

ಅಪ್ಪ ತನ್ನ ಮಂಡಿಗಳನ್ನು ಯಾರೋ ಬಿಟ್ಟುಹೋದ ಸಾಮಾನಿನಂತೆ ನೋಡಿದ.

"ನೋವು ಹೋಗಿತ್ತಲ್ಲ" ಎಂದ.

"ಅದು ಹೇಗೋ ನಂಗೆ ಗೊತ್ತಿಲ್ಲ. ಇದರಿಂದಲ್ಲ."

"ನಿಂಗೆ ಯಾವತ್ತು ಗೊತ್ತಾಯ್ತು?"

"ಗುರುವಾರ."

"ಗುರುವಾರ. ಅವನ ಎದುರಿಗೆ ನಾನು ಮಂಡಿ ತೋರಿಸ್ತಾ ಕೂತಾಗ ನೀನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಆಯ್ತಪ್ಪ ಅಂದೆ."

"ನೀವು ನನ್ನ ಜೊತೆ ಮಾತಾಡಿದ್ರಿ" ಎಂದಳು. ಬೇರೆ ನೆಪ ಹುಡುಕುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ.

ಅಪ್ಪ ಒಳಗೆ ತಿರುಗಿ ಕೂಗಿದ. "ಲೇ, ಬಾ ಇಲ್ಲಿ. ಇದನ್ನ ಕೀಳು. ಅದಕ್ಕೆ ಹೇಳು, ನನ್ನ ಕಾಲು ಮುಟ್ಟೋದು ಬೇಡ. ಡಾಕ್ಟರ್ ಹತ್ರ ನಾನೇ ಹೋಗ್ತೀನಿ."

ಅಮ್ಮ ಬಂದಳು. ಯಾರ ಮುಖವನ್ನೂ ನೋಡದೆ ನೆಲಕ್ಕೆ ಕೂತು, ಒಂದೊಂದಾಗಿ ಕಿತ್ತು ಹಳೆಯ ಪತ್ರಿಕೆಯ ಹಾಳೆಯ ಮೇಲೆ ಇಟ್ಟಳು. ಅಂಟು ಗಟ್ಟಿಯಾಗಿತ್ತು, ಕೂದಲೂ ಜೊತೆಗೇ ಬಂತು. ಅಪ್ಪ ಹಲ್ಲಿಲ್ಲದ ಒಸಡು ಕಚ್ಚಿಕೊಂಡ. ಕೊನೆಯದನ್ನು ಕೀಳುವಾಗ ಗೇಟು ಸದ್ದಾಯಿತು. ರಸಮಟ್ಟ ವಾಲುತ್ತಾ ಬಂದ.

"ಏನಯ್ಯಾ, ನನ್ನ ಪ್ಲಾಸ್ಟರ್ ಬಂತಾ?"

ಅಪ್ಪ ಪ್ಯಾಂಟಿನ ಕಾಲನ್ನು ಕೆಳಗೆ ಎಳೆದುಕೊಂಡ.

"ಇಲ್ಲ. ಅದೆಲ್ಲ ಬರೀ ಟೊಳ್ಳು. ನಡಿ, ಡಾಕ್ಟರ್ ಹತ್ರ ಹೋಗಿ ಬರೋಣ."

"ಮೊನ್ನೆ ಒಂದೇ ದಿನಕ್ಕೆ ಕೇಳ್ತು ಅಂದೆ?"

"ಮೊನ್ನೆ ನಂಗೆ ಬುದ್ಧಿ ಇರ್ಲಿಲ್ಲ." ಎದ್ದವನು ಗೋಡೆ ಹಿಡಿದುಕೊಂಡ.

ಇಬ್ಬರೂ ಊಟದ ಹೊತ್ತಿಗೆ ತಿರುಗಿ ಬಂದರು. ಕಾಲಿಗೆ ಏನೂ ಆಗಿಲ್ಲ, ಹಳೆಯ ಊತವೇ ಎಂದಿದ್ದರಂತೆ ಡಾಕ್ಟರು. ಅದನ್ನು ಅಪ್ಪ ಹೇಳಲಿಲ್ಲ. ಗೇಟಿನಲ್ಲೇ ನಿಂತು ರಸಮಟ್ಟ ಅಮ್ಮನಿಗೆ ಹೇಳಿಹೋದ. ಒಳಗಿದ್ದವಳು ಕೇಳಿಸಿಕೊಂಡಳು. ಅಮ್ಮನ ಕಣ್ಣಿಗಾಗಿ ಅವಳು ಸೋಮವಾರದವರೆಗೂ ಇರಲೇಬೇಕಿತ್ತು; ಅದಕ್ಕೆ ಮೊದಲು ಹೊಸ ಪ್ಯಾಚು ಸಿಗುವಂತಿರಲಿಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ, ಕಿತ್ತ ಪ್ಯಾಚುಗಳನ್ನು ಅಮ್ಮ ಸುತ್ತಿಟ್ಟಿದ್ದ ಪತ್ರಿಕೆಯ ಪೊಟ್ಟಣ ಹಾಗೇ ಕೂತಿತ್ತು. ಮತ್ತೆ ಕಾವು ಏರುತ್ತಿತ್ತು. ಅವಳು ಪೊಟ್ಟಣ ಬಿಡಿಸಿದಳು. ಒಂದು ಪ್ಯಾಚಿನ ಅಂಚು ಸುರುಳಿ ಸುತ್ತಿಕೊಂಡಿತ್ತು, ಎರಡರ ತುಂಬ ಬಟ್ಟೆಯ ನೂಲು, ಧೂಳು. ಒಂದು ಪರವಾಗಿರಲಿಲ್ಲ. ಹಚ್ಚಿದ್ದು ಗುರುವಾರ, ಇನ್ನೂ ಒಂದೆರಡು ದಿನದ ಸತ್ವ ಅದರಲ್ಲಿ ಉಳಿದಿರುತ್ತದೆ. ಇನ್ನೊಬ್ಬರ ಮೈಯಿಂದ ತೆಗೆದದ್ದನ್ನು ಹಾಕಿಕೊಳ್ಳಿ ಎಂದು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಅಂಟಿನಲ್ಲಿ ಅಪ್ಪನ ಮಂಡಿಯ ಬಿಳಿ ಕೂದಲುಗಳು ಮಲಗಿದ್ದವು. ಉಗುರಿನಿಂದ ಕೆಲವನ್ನು ತೆಗೆದಳು, ಉಳಿದವು ಬರಲಿಲ್ಲ.

ಸೀರೆಯ ನೆರಿಗೆ ಸರಿಸಿ, ಹೊಕ್ಕುಳಿನ ಕೆಳಗೆ ಒರೆಸಿಕೊಂಡು, ಪ್ಯಾಚನ್ನು ಅಂಗೈಯಿಂದ ಒತ್ತಿ ಹಿಡಿದಳು. ಕೈ ತೆಗೆದಾಗ ಒಂದು ಮೂಲೆ ಎದ್ದುಬಂತು. ಅಮ್ಮ ಬಾಗಿಲಲ್ಲಿ ನಿಂತು ತೆರೆದಿದ್ದ ಒಂದೇ ಕಣ್ಣಿನಿಂದ ನೋಡುತ್ತಿದ್ದಳು. ತನ್ನ ಕಣ್ಣಿನ ಮುಚ್ಚಳಕ್ಕೆ ಅಂಟಿಸುವ ಟೇಪಿನ ಸುರುಳಿ ತಂದು, ಒಂದು ತುಂಡು ಹರಿದು ಆ ಮೂಲೆಯ ಮೇಲೆ ಒತ್ತಿದಳು.

ಹೊರಗಿನಿಂದ ಅಪ್ಪನ ದನಿ ಬಂತು. "ಕಿತ್ತಿದ್ದನ್ನೆಲ್ಲ ಎಸೆದ್ಯಾ?"

"ಎಸೆದೆ" ಎಂದಳು ಅಮ್ಮ.

"ಸೋಪು ಹಾಕಿ ಕೈ ತೊಳ್ಕೋ."

ಅಮ್ಮ ನಲ್ಲಿ ತಿರುಗಿಸಿ, ಸೋಪು ಎತ್ತಿಕೊಂಡು, ನೀರಿನ ಸದ್ದು ಅವನಿಗೆ ಕೇಳುವಷ್ಟು ಹೊತ್ತು ಕೈ ತೊಳೆದಳು.